ಟೈಟಾನಿಯಂ ಸೈಕಲ್ ದುರಸ್ತಿ: ಕೊಳವೆಯ ಒಳಗೂ ಆರ್ಗಾನ್ ಇರಬೇಕು

ಮಾನ್ಯ ಸಂಪಾದಕರಿಗೆ,

ನಾನು ಮೂವತ್ತೊಂದು ವರ್ಷ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ವಿಮಾನದ ಬಿಡಿಭಾಗಗಳಿಗೆ ಟಿಗ್ ಬೆಸುಗೆ (ವಿದ್ಯುತ್ ಜ್ವಾಲೆಯಿಂದ ಲೋಹ ಕರಗಿಸುತ್ತ, ಅದಕ್ಕೆ ಗಾಳಿ ತಾಗದಂತೆ ಆರ್ಗಾನ್ ಎಂಬ ಜಡ ಅನಿಲ ಹರಿಸಿ ಮಾಡುವ ಬೆಸುಗೆ) ಹಾಕುವ ಕೆಲಸ ಮಾಡಿ ನಿವೃತ್ತನಾದವನು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಯಂತ್ರ ಇಟ್ಟುಕೊಂಡು, ಪರಿಚಯದವರು ತರುವ ಸೈಕಲ್ ಫ್ರೇಮ್‌ಗಳನ್ನು, ಅದರಲ್ಲೂ ಬಿರುಕು ಬಿಟ್ಟ ಟೈಟಾನಿಯಂ ಫ್ರೇಮ್‌ಗಳನ್ನು ದುರಸ್ತಿ ಮಾಡಿಕೊಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಬಳಿಗೆ ಬಂದ ಒಂದು ಫ್ರೇಮ್ ಈ ಪತ್ರಕ್ಕೆ ಕಾರಣವಾಯಿತು. ಇದು ಕೆಲವೇ ಮಂದಿಯ ದುಬಾರಿ ಹವ್ಯಾಸಕ್ಕೆ ಸಂಬಂಧಿಸಿದ ವಿಷಯವೆಂದು ಮೇಲ್ನೋಟಕ್ಕೆ ಅನ್ನಿಸಬಹುದಾದರೂ, ಸವಾರನ ಜೀವದ ಪ್ರಶ್ನೆ ಇದರಲ್ಲಿ ಇರುವುದರಿಂದ ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡುತ್ತಿದ್ದೇನೆ.

ಆ ಫ್ರೇಮ್ ತಂದ ಯುವಕ ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟ ಹತ್ತುವ ಅಭ್ಯಾಸವಿರುವವನು. ಸೈಕಲ್ಲು ಅವನ ಸೋದರಮಾವ ಅಮೆರಿಕದಲ್ಲಿ ಹದಿನೈದು ವರ್ಷ ಬಳಸಿ, ಊರಿಗೆ ಮರಳುವಾಗ ತಂದುಕೊಟ್ಟದ್ದು. ಏರಿನಲ್ಲಿ ಒತ್ತಿ ತುಳಿದಾಗಲೆಲ್ಲ ಕೆಳಗಿನಿಂದ ಕಿರ್ ಎಂಬ ಸದ್ದು ಬರುತ್ತಿತ್ತಂತೆ. ಕ್ರ್ಯಾಂಕ್ ಬಿಚ್ಚಿಸಿ ಬೇರಿಂಗಿಗೆ ಗ್ರೀಸ್ ಹಾಕಿಸಿದರೂ ನಿಲ್ಲಲಿಲ್ಲವಂತೆ. ಕೊನೆಗೆ, ಪೆಡಲುಗಳ ಅಚ್ಚು ಕೂರುವ ಬಾಟಮ್ ಬ್ರ್ಯಾಕೆಟ್‌ನಿಂದ ಹಿಂದಿನ ಚಕ್ರದ ಕಡೆಗೆ ಹೋಗುವ ಬಲಗಡೆಯ ಚೈನ್ ಸ್ಟೇ ಕೊಳವೆಯ ಮೇಲೆ, ಹಳೆಯ ಬೆಸುಗೆಯ ಅಂಚಿನಲ್ಲೇ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಒರೆಸಿದರೆ ಹೋಗುತ್ತಿದ್ದ ಆ ಗೆರೆ, ಮರುದಿನದ ಸವಾರಿ ಮುಗಿಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಮೂಡಿರುತ್ತಿತ್ತು. ಆರ್ಗಾನ್ ವೆಲ್ಡಿಂಗ್ ಎಂಬ ಫಲಕವಿದ್ದ ಅಂಗಡಿಯೊಂದರಲ್ಲಿ ಅರ್ಧ ಗಂಟೆಯೊಳಗೆ ಬೆಸುಗೆ ಹಾಕಿಕೊಟ್ಟರು. ಮೂರನೆಯ ಭಾನುವಾರ ಬೆಟ್ಟ ಇಳಿಯುವಾಗ, ತಿರುವೊಂದರಲ್ಲಿ ಆ ಕೊಳವೆ ಪಟ್ಟನೆ ಮುರಿದು ಹಿಂದಿನ ಚಕ್ರ ಫ್ರೇಮಿಗೆ ಸಿಕ್ಕಿಕೊಂಡಿತು. ಹುಡುಗನ ಕೊರಳೆಲುಬು ಮುರಿಯಿತು. ಹಿಂದಿನಿಂದ ಯಾವ ವಾಹನವೂ ಬರುತ್ತಿರಲಿಲ್ಲವಾದ್ದರಿಂದ ಅಷ್ಟಕ್ಕೇ ಮುಗಿಯಿತು.

ನನ್ನ ಕೈಗೆ ಬಂದಾಗ ಆ ಬೆಸುಗೆ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಬೆಳ್ಳಿಯ ಹೊಳಪು, ಒಂದೇ ಅಳತೆಯ ಪದರಗಳು. ಹಾಕಿದವನ ಕೈ ನುರಿತದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮುರಿದ ತುದಿಯಿಂದ ಎರಡು ಬೆರಳಗಲ ಕತ್ತರಿಸಿ, ಕೊಳವೆಯನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದಾಗ ಕಂಡದ್ದೇ ಬೇರೆ. ಒಳಮೈಯಲ್ಲಿ ಬೆಸುಗೆಯ ಬೇರು, ಎಂದರೆ ಅದರ ಒಳಬದಿ, ಸುಟ್ಟ ಸಕ್ಕರೆಯ ಹಾಗೆ ಹರಳುಗಟ್ಟಿತ್ತು. ಅದರ ಸುತ್ತ ಬೂದುಬಣ್ಣದ ಪಟ್ಟಿ, ಅದರಾಚೆಗೆ ನೀಲಿ, ನೇರಳೆ, ಒಣಹುಲ್ಲಿನ ಹಳದಿ ಒಂದರ ಪಕ್ಕ ಒಂದಿದ್ದವು. ಬೆರಳಿನಿಂದ ಸವರಿದರೆ ವಿಭೂತಿಯಂಥ ಬಿಳಿಪುಡಿ ಅಂಟಿಕೊಂಡು ಬಂತು. ಟೈಟಾನಿಯಂ ಕೆಲಸ ಬಲ್ಲವರಿಗೆ ಆ ಪುಡಿಯನ್ನು ನೋಡಿದ ಮೇಲೆ ಬೇರೆ ಪರೀಕ್ಷೆ ಬೇಕಾಗುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಹೊರಹಾಕದೆಯೇ ಬೆಸುಗೆ ಹಾಕಲಾಗಿತ್ತು.

ಟೈಟಾನಿಯಂ ತಣ್ಣಗಿರುವಾಗ ಅದರಷ್ಟು ಸಾಧು ಲೋಹ ಇನ್ನೊಂದಿಲ್ಲ. ಬೆವರಿಗೂ ಮಳೆಗೂ ಕಡಲ ನೀರಿಗೂ ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಅರ್ಧಕ್ಕಿಂತ ತುಸುವೇ ಹೆಚ್ಚು ತೂಕ. ಆದರೆ ಸುಮಾರು 430 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಗುಣವೇ ಬದಲಾಗಿ, ಗಾಳಿಯಲ್ಲಿರುವ ಆಮ್ಲಜನಕವನ್ನೂ ಸಾರಜನಕವನ್ನೂ, ತೇವವಿದ್ದರೆ ಅದರ ಜಲಜನಕವನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಉಕ್ಕಿನ ಮೇಲೆ ಕೂರುವ ತುಕ್ಕನ್ನು ಉಜ್ಜಿ ತೆಗೆಯಬಹುದು. ಟೈಟಾನಿಯಂ ಕುಡಿದುಕೊಂಡ ಅನಿಲ ಮಾತ್ರ ಲೋಹದಲ್ಲೇ ಕರಗಿ ಸೇರಿಹೋಗುತ್ತದೆ, ಮತ್ತೆ ಹೊರಬರುವುದಿಲ್ಲ. ಹಾಗೆ ಕೆಟ್ಟ ಲೋಹ ಗಡುಸಾಗಿ, ಬಾಗುವ ಗುಣ ಕಳೆದುಕೊಂಡು, ಗಾಜಿನಂತೆ ಬಿರಿಯುತ್ತದೆ. ಟೈಟಾನಿಯಂ ಶಾಖವನ್ನು ಬೇಗ ಸಾಗಿಸುವುದೂ ಇಲ್ಲವಾದ್ದರಿಂದ ಬೆಸುಗೆಯ ಜಾಗ ಬಹಳ ಹೊತ್ತು ಬಿಸಿಯಾಗಿಯೇ ಉಳಿಯುತ್ತದೆ. ಬೆಸುಗೆ ಹಾಕುವ ಕೈಯುಪಕರಣವಾದ ಟಾರ್ಚ್ ಮುಂದೆ ಸರಿದ ಮೇಲೂ ಹಿಂದೆ ಉಳಿದ ಲೋಹದ ಮೇಲೆ ಆರ್ಗಾನ್ ಹರಿಯುತ್ತಲೇ ಇರಬೇಕಾಗುವುದು ಈ ಕಾರಣಕ್ಕೆ. ಅದಕ್ಕಾಗಿ ಟಾರ್ಚಿನ ಬಾಯಿಗೆ ಅಗಲವಾದ ಸೆರಾಮಿಕ್ ಕಪ್ಪನ್ನೂ, ಅನಿಲ ಸುಳಿಯದೆ ನೇರವಾಗಿ ಇಳಿಯುವಂತೆ ಮಾಡುವ ಗ್ಯಾಸ್ ಲೆನ್ಸನ್ನೂ ಹಾಕುತ್ತೇವೆ. ಆರ್ಕ್, ಎಂದರೆ ಆ ವಿದ್ಯುತ್ ಜ್ವಾಲೆ, ಆರಿದ ಮೇಲೂ ಇಪ್ಪತ್ತು ಮೂವತ್ತು ಸೆಕೆಂಡು ಟಾರ್ಚನ್ನು ಅಲ್ಲೇ ಹಿಡಿದಿರುತ್ತೇವೆ. ಇಷ್ಟೆಲ್ಲ ಹೊರಮೈಯ ರಕ್ಷಣೆಗೆ. ಸೈಕಲ್ಲಿನ ಕೊಳವೆಯ ಗೋಡೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುವುದರಿಂದ, ಹೊರಗೆ ಲೋಹ ಕರಗುವಾಗ ಒಳಮೈಯೂ ಕೆಂಪಗೆ ಕಾದೇ ಇರುತ್ತದೆ. ಅಲ್ಲಿ ಇರುವುದು ಗಾಳಿಯೇ ಆಗಿದ್ದರೆ, ಹೊರಗಿನ ಶ್ರಮವೆಲ್ಲ ವ್ಯರ್ಥ.

ನಮ್ಮ ಊರುಗಳಲ್ಲಿ ಆರ್ಗಾನ್ ವೆಲ್ಡಿಂಗ್ ಎಂಬ ಮಾತು ಎಲ್ಲರಿಗೂ ಪರಿಚಿತ. ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಈ ಕೆಲಸ ಮಾಡುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ಹೆಚ್ಚಾಗಿ ನಡೆಯುವುದು ಸ್ಟೇನ್‌ಲೆಸ್ ಸ್ಟೀಲಿನ ಗೇಟು, ಮೆಟ್ಟಿಲ ಕಂಬಿ, ಹೋಟೆಲಿನ ಪಾತ್ರೆ, ಅಲ್ಯೂಮಿನಿಯಂ ರೇಡಿಯೇಟರುಗಳ ಕೆಲಸ. ಮೆಟ್ಟಿಲ ಕಂಬಿಯ ಕೊಳವೆಯೊಳಗೆ ಯಾರೂ ಆರ್ಗಾನ್ ತುಂಬುವುದಿಲ್ಲ, ತುಂಬಬೇಕಾದ ಅಗತ್ಯವೂ ಅಷ್ಟಿಲ್ಲ. ಒಳಗೆ ಸ್ವಲ್ಪ ಕರಕಲಾದರೂ ಕಂಬಿ ಮುರಿದು ಬೀಳುವುದಿಲ್ಲ. ಆ ಅಭ್ಯಾಸವೇ ಟೈಟಾನಿಯಂ ಬಂದಾಗಲೂ ಕೈಯಲ್ಲಿ ಉಳಿದುಬಿಡುತ್ತದೆ. ಆ ಹುಡುಗನ ಫ್ರೇಮಿಗೆ ಬೆಸುಗೆ ಹಾಕಿದವರು ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಈ ಲೋಹ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ನಾನೂ ಕಾರ್ಖಾನೆಗೆ ಸೇರಿದ ಮೊದಲ ವರ್ಷ ನಾಲ್ಕು ತುಂಡು ಕೆಡಿಸಿದ ಮೇಲೆಯೇ ಮೇಸ್ತ್ರಿಗಳು ನನ್ನನ್ನು ಕೂರಿಸಿಕೊಂಡು ಕಲಿಸಿದ್ದು.

ಅವರು ಕಲಿಸಿದ್ದನ್ನೇ ಸೈಕಲ್ಲಿಗೆ ಹೊಂದುವಂತೆ ಹೇಳುತ್ತೇನೆ. ಆರ್ಗಾನ್ ಗಾಳಿಗಿಂತ ಸುಮಾರು 1.4 ಪಟ್ಟು ಭಾರವಾದ್ದರಿಂದ ಅದನ್ನು ಕೆಳಗಿನಿಂದ ಒಳಬಿಟ್ಟು, ಗಾಳಿ ಮೇಲಿನಿಂದ ಹೊರಹೋಗುವಂತೆ ಫ್ರೇಮನ್ನು ನಿಲ್ಲಿಸಬೇಕು. ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್, ಸೀಟು ಕೂರುವ ಸೀಟ್ ಟ್ಯೂಬ್, ಬಾಟಮ್ ಬ್ರ್ಯಾಕೆಟ್ ಇವುಗಳ ಬಾಯಿಗಳನ್ನು ಮುಚ್ಚಿ, ಒಂದು ಬಾಯಿಯಲ್ಲಿ ಅನಿಲದ ನಳಿಕೆ, ಇನ್ನೊಂದರಲ್ಲಿ ಸಣ್ಣ ಕಿಂಡಿ ಮಾತ್ರ ಉಳಿಸಬೇಕು. ಫ್ರೇಮ್ ಕಟ್ಟುವವರು ಕೊಳವೆಗಳ ಸಂದುಗಳಲ್ಲಿ, ಹೊರಗೆ ಕಾಣದಂತೆ, ಒಂದರಿಂದ ಒಂದಕ್ಕೆ ಅನಿಲ ಹರಿಯುವ ರಂಧ್ರಗಳನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ದುರಸ್ತಿ ಮಾಡುವವನು ಮೊದಲು ಅವು ಎಲ್ಲಿವೆ, ತೆರೆದಿವೆಯೇ ಎಂದು ಹುಡುಕಿಕೊಳ್ಳಬೇಕು, ಏಕೆಂದರೆ ಅನಿಲ ತಲುಪದ ಒಂದು ಮೂಲೆ ಉಳಿದರೂ ಅಲ್ಲಿನ ಗಾಳಿ ಬೆಸುಗೆಯ ಹೊತ್ತಿಗೆ ನಿಧಾನವಾಗಿ ಹೊರಬಂದು ಕೆಲಸ ಕೆಡಿಸುತ್ತದೆ. ಒಳಗಿನ ಜಾಗದ ಹತ್ತು ಪಟ್ಟು ಆರ್ಗಾನ್ ಹರಿದುಹೋಗುವವರೆಗೆ ಕಾಯಬೇಕೆಂಬುದು ನಮ್ಮ ಲೆಕ್ಕವಾಗಿತ್ತು. ಆಮೇಲೆ ಹರಿವನ್ನು ತಗ್ಗಿಸಬೇಕು. ಇಲ್ಲದಿದ್ದರೆ ಒಳಗಿನ ಒತ್ತಡಕ್ಕೆ ಕರಗಿದ ಲೋಹ ಹೊರಕ್ಕೆ ಉಬ್ಬುತ್ತದೆ. ತುಂಡುಗಳನ್ನು ಕದಲದಂತೆ ಹಿಡಿದಿಡುವ ಚುಕ್ಕೆ ಬೆಸುಗೆಯಾದ ಮೊದಲ ಟ್ಯಾಕ್ ಹಾಕುವುದಕ್ಕೂ ಇದೇ ನಿಯಮ. ಟ್ಯಾಕ್ ತಾನೇ ಎಂದು ಗಾಳಿಯಲ್ಲೇ ಹಾಕಿದರೆ, ಕೆಟ್ಟ ಆ ಚುಕ್ಕೆಯ ಮೇಲೆಯೇ ಆಮೇಲಿನ ಬೆಸುಗೆಯೆಲ್ಲ ಕೂರುತ್ತದೆ.

ಗಾಳಿ ಹೋಯಿತೇ ಎಂದು ತಿಳಿಯಲು ಕೆಲವರು ಕಿಂಡಿಯ ಬಳಿ ಉರಿಯುವ ಬೆಂಕಿಕಡ್ಡಿ ಹಿಡಿಯುತ್ತಾರೆ. ಕಡ್ಡಿ ನಂದಿದರೆ ಒಳಗೆ ಗಾಳಿಯಿಲ್ಲವೆಂದು ಭಾವಿಸುತ್ತಾರೆ. ಈ ನಂಬಿಕೆಯನ್ನು ದಯವಿಟ್ಟು ಬಿಡಬೇಕು. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದರೂ ಕಡ್ಡಿ ನಂದುತ್ತದೆ. ಟೈಟಾನಿಯಂಗೆ ಬೇಕಾದದ್ದು ಹತ್ತು ಲಕ್ಷ ಭಾಗದಲ್ಲಿ ಕೆಲವು ಹತ್ತರಷ್ಟು ಮಾತ್ರ ಆಮ್ಲಜನಕ ಉಳಿಯುವಷ್ಟು ಶುದ್ಧಿ. ಆಮ್ಲಜನಕ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದವರು ಅದೇ ಅಳತೆಯ ಟೈಟಾನಿಯಂ ಚೂರು ಕೊಳವೆಯನ್ನು ಅದೇ ನಳಿಕೆಗೆ ಸಿಕ್ಕಿಸಿ, ಬೆಸುಗೆ ಹಾಕಿ, ಸೀಳಿ, ಒಳಗೆ ನೋಡಲಿ; ಬೇರು ಹೊರಮೈಯಷ್ಟೇ ಬೆಳ್ಳಗೆ ಹೊಳೆದರೆ ಮಾತ್ರ ಗಿರಾಕಿಯ ಫ್ರೇಮನ್ನು ಮುಟ್ಟಲಿ. ಸಿಲಿಂಡರಿನ ಆರ್ಗಾನ್ ಶೇ 99.999 ಶುದ್ಧವಿರಬೇಕು. ಖರ್ಚು ಉಳಿಸಲೆಂದು ಒಳಗೆ ಸಾರಜನಕ ತುಂಬುವುದಂತೂ ಕೂಡದು, ಸ್ಟೇನ್‌ಲೆಸ್‌ಗೆ ನಡೆಯುವ ಈ ಉಪಾಯ ಟೈಟಾನಿಯಂಗೆ ಗಾಳಿಯಷ್ಟೇ ಹಾನಿಕರ.

ಬೆಸುಗೆಗಿಂತ ಮೊದಲಿನ ಶುಚಿಗೆ ಬೆಸುಗೆಯ ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಉದ್ದವಾಗಿಯೇ ಇರುತ್ತದೆ. ಬಿರುಕು ಪತ್ತೆಗೆಂದೇ ಇರುವ ಕೆಂಪು ದ್ರವ ಸವರಿ, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡಿ, ನಿಜವಾದ ತುದಿ ಎಲ್ಲಿದೆಯೆಂದು ತೋರಿಸುತ್ತದೆ. ಆ ತುದಿಯಲ್ಲಿ ಸಣ್ಣ ತೂತು ಕೊರೆದು ಬಿರುಕು ಮುಂದೆ ಹರಿಯದಂತೆ ತಡೆದು, ಬಿರುಕಿನ ಉದ್ದಕ್ಕೂ ಕಾರ್ಬೈಡ್ ಬರ್ ಎಂಬ ಗಡುಸು ಮೊನೆಯಿಂದ ಕೊರೆದು, ಕೆಂಪು ದ್ರವದ ಶೇಷವನ್ನೂ ವರ್ಷಗಟ್ಟಲೆ ಒಳಗೆ ಇಳಿದ ಗ್ರೀಸನ್ನೂ ಅಸಿಟೋನಿನಿಂದ ತೊಳೆಯಬೇಕು. ಕ್ಲೋರಿನ್ ಇರುವ ದ್ರಾವಕಗಳನ್ನು ಹತ್ತಿರ ತರಬಾರದು; ಅದರ ಶೇಷ ಬಿಸಿಯಲ್ಲಿ ಟೈಟಾನಿಯಂಗೆ ಬಿರುಕು ತರುತ್ತದೆ. ಉಕ್ಕು ಉಜ್ಜಿದ ಬ್ರಷ್ಷನ್ನಾಗಲಿ ಗ್ರೈಂಡಿಂಗ್ ಕಲ್ಲನ್ನಾಗಲಿ ಬಳಸಬಾರದು. ಶುಚಿಯಾದ ಮೇಲೆ ಬರಿಗೈಯಿಂದ ಮುಟ್ಟಲೂ ಬಾರದು, ಬೆರಳಿನ ಎಣ್ಣೆ ಬೆವರುಗಳಷ್ಟೇ ಬೆಸುಗೆ ಕೆಡಲು ಸಾಕು. ಬೆಸುಗೆಗೆ ಕರಗಿಸಿ ತುಂಬುವ ಫಿಲ್ಲರ್ ಕಡ್ಡಿಯ ಬಿಸಿ ತುದಿ ಆರ್ಗಾನಿನ ಮುಸುಕಿನಿಂದ ಒಮ್ಮೆ ಹೊರಬಂದರೆ, ಆ ತುದಿಯನ್ನು ಕತ್ತರಿಸಿ ಎಸೆದ ಮೇಲೆಯೇ ಮುಂದುವರಿಯಬೇಕು. ನಮ್ಮ ಮೇಸ್ತ್ರಿಗಳು ಇದನ್ನು ಮಡಿ ಎನ್ನುತ್ತಿದ್ದರು. ಅದಕ್ಕಿಂತ ಸರಿಯಾದ ಪದ ನನಗೆ ಇಂದಿಗೂ ಸಿಕ್ಕಿಲ್ಲ.

ಎಲ್ಲ ಬಿರುಕಿಗೂ ಬೆಸುಗೆಯೇ ಮದ್ದೆಂದು ಇದರ ಅರ್ಥವಲ್ಲ. ಸೈಕಲ್ಲಿಗೆ ಸಾಮಾನ್ಯವಾಗಿ ಬಳಸುವುದು ಶೇ 3 ಅಲ್ಯೂಮಿನಿಯಂ, ಶೇ 2.5 ವನೇಡಿಯಂ ಬೆರೆತ ಟೈಟಾನಿಯಂ ಕೊಳವೆ. ವಿಮಾನಗಳ ಹೈಡ್ರಾಲಿಕ್ ನಾಳಗಳಿಗೆಂದು ಬೆಳೆದ ಲೋಹ ಅದು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಮರ್ಲಿನ್, ಲೈಟ್‌ಸ್ಪೀಡ್ ಮುಂತಾದ ತಯಾರಕರು ಸೈಕಲ್ಲಿಗೆ ಅದನ್ನೇ ಆರಿಸಿಕೊಂಡರು. ತಣ್ಣಗಿರುವಾಗಲೇ ಎಳೆದು ಬಲಪಡಿಸಿದ ಆ ಕೊಳವೆ, ಬೆಸುಗೆಯ ಬಿಸಿ ತಾಗಿದ ಅಂಚಿನಲ್ಲಿ ಆ ಬಲವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ. ಬಿರುಕು ಬಹುಮಟ್ಟಿಗೆ ಬೆಸುಗೆಯ ಅಂಚಿನಲ್ಲೇ ಕಾಣುವುದಕ್ಕೆ ಇದೂ ಒಂದು ಕಾರಣ. ಅದೇ ಅಂಚಿಗೆ ಮತ್ತೆ ಮತ್ತೆ ಶಾಖ ಕೊಡುವುದು ಒಳ್ಳೆಯದಲ್ಲ. ಬಿರುಕು ಕೊಳವೆಯ ಸುತ್ತಳತೆಯ ಮೂರರಲ್ಲಿ ಒಂದು ಭಾಗ ದಾಟಿದ್ದರೆ, ಅಥವಾ ಮೊದಲೇ ಒಮ್ಮೆ ದುರಸ್ತಿ ಆಗಿದ್ದರೆ, ನಾನು ಆ ಕೊಳವೆಯನ್ನೇ ತೆಗೆದು ಹೊಸದನ್ನು ಕೂರಿಸುತ್ತೇನೆ. ಇದು ನನ್ನ ಅನುಭವದ ಲೆಕ್ಕ, ಬೇರೆಯವರದು ಬೇರೆ ಇರಬಹುದು. ಒಳಗೆ ಬಿಳಿಪುಡಿ ಕಂಡ ಬೆಸುಗೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಅದರ ಮೇಲೆ ಮತ್ತೊಂದು ಪದರ ಹಾಕಿ ಸರಿಪಡಿಸಲಾಗದು. ಕೆಟ್ಟ ಲೋಹವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯಲೇಬೇಕು. ಉಕ್ಕಿನ ಪಟ್ಟಿಯನ್ನು ಟೈಟಾನಿಯಂಗೆ ಬೆಸೆದು ಊರುಗೋಲು ಕೊಡುತ್ತೇವೆ ಎನ್ನುವವರೂ ಇದ್ದಾರೆ. ಈ ಎರಡು ಲೋಹ ಒಟ್ಟಿಗೆ ಕರಗಿದರೆ ಹುಟ್ಟುವ ಸಂಯುಕ್ತ ಎಷ್ಟು ಪೆಡಸೆಂದರೆ, ಅದು ತಣ್ಣಗಾಗುವಾಗಲೇ ಬಿರುಕು ಬಿಡುತ್ತದೆ.

ಆ ಯುವಕನ ಫ್ರೇಮಿಗೆ ನಾನು ಹೊಸ ಚೈನ್ ಸ್ಟೇ ಹಾಕಿದೆ. ಬಾಟಮ್ ಬ್ರ್ಯಾಕೆಟ್ಟಿನ ದುಂಡಾಕಾರ ಕೆಡದಂತೆ ಅದರೊಳಗೆ ತಾಮ್ರದ ದಿಮ್ಮಿ ಬಿಗಿದು, ಹಿಂದಿನ ಚಕ್ರ ಕೂರುವ ಅಂತರ ಕದಲದಂತೆ ಚಕ್ರದ ಅಚ್ಚಿನ ಬದಲಿಗೆ ನಕಲಿ ಅಚ್ಚು ಕಟ್ಟಿ, ಎರಡು ದಿನ ಹಿಡಿಯಿತು. ಆರ್ಕ್ ಉರಿದದ್ದು ಅದರಲ್ಲಿ ಒಟ್ಟು ಹತ್ತು ನಿಮಿಷವೂ ಇರಲಾರದು.

ಹಾಗಾದರೆ ಹೊಸದನ್ನೇ ಕೊಳ್ಳಬಾರದೇ ಎಂದು ಕೆಲವರು ಕೇಳಿದ್ದಾರೆ. ಹೊಸ ಟೈಟಾನಿಯಂ ಫ್ರೇಮಿನ ಬೆಲೆ ಲಕ್ಷದ ಮೇಲಿನ ಮಾತು. ಹಣ ಇದ್ದವರಿಗೂ ನಾನು ದುರಸ್ತಿಯನ್ನೇ ಹೇಳುತ್ತೇನೆ. ಅದಿರಿನಿಂದ ಈ ಲೋಹವನ್ನು ಬೇರ್ಪಡಿಸಲು ಮೊದಲು ಕ್ಲೋರಿನ್ ಜೊತೆ ಸೇರಿಸಿ, ಆಮೇಲೆ ಕಾದ ಮೆಗ್ನೀಸಿಯಮ್ಮಿನಿಂದ ಬಿಡಿಸಿ, ಸ್ಪಂಜಿನಂಥ ಮುದ್ದೆಯಾಗಿಸಿ, ನಿರ್ವಾತದಲ್ಲಿ ಮತ್ತೆ ಕರಗಿಸಬೇಕು. ನಮ್ಮ ನೆರೆಯ ಕೇರಳದ ಚವರದ ಕಡಲ ಮರಳಿನಲ್ಲಿ ಇದರ ಅದಿರು ಹೇರಳವಾಗಿದ್ದರೂ, ಅಲ್ಲಿ ಸ್ಪಂಜ್ ತಯಾರಿಸುವ ಘಟಕ ಆರಂಭವಾದದ್ದು 2011ರಲ್ಲಿ ಮಾತ್ರ. ಅಷ್ಟು ವಿದ್ಯುತ್ತು, ಅಷ್ಟು ಶ್ರಮ ಸೇರಿ ಸಿದ್ಧವಾದ, ಇನ್ನೂ ಮೂವತ್ತು ವರ್ಷ ಬಾಳುವ ಫ್ರೇಮನ್ನು ಎರಡಂಗುಲದ ಬಿರುಕಿಗಾಗಿ ಗುಜರಿಗೆ ಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಫ್ರೇಮ್ ದುರಸ್ತಿಗೆ ಕೊಡುವವರಲ್ಲಿ ನನ್ನ ವಿನಂತಿ ಇಷ್ಟೇ. ಒಳಗೆ ಆರ್ಗಾನ್ ಹೇಗೆ ಬಿಡುತ್ತೀರಿ ಎಂದು ಬೆಸುಗೆ ಹಾಕುವವರನ್ನು ಮೊದಲೇ ಕೇಳಿ. ನಳಿಕೆ, ಮುಚ್ಚಳ, ಕಿಂಡಿಗಳನ್ನು ತೋರಿಸಲಾಗದವರಿಗೆ, ಎಷ್ಟೇ ಹೆಸರಾದವರಿರಲಿ, ಕೊಡಬೇಡಿ. ಹಾಗೆಯೇ ಬೆಸುಗೆಯಾದ ಮೇಲೆ ಬ್ರಷ್ ಹಾಕದೆ ಒಮ್ಮೆ ತೋರಿಸಲು ಹೇಳಿ. ಬೆಳ್ಳಿಯ ಬಣ್ಣ, ಹೆಚ್ಚೆಂದರೆ ಒಣಹುಲ್ಲಿನ ತಿಳಿಹಳದಿ ಇದ್ದರೆ ಸರಿ. ನೀಲಿ ಕಂಡರೆ ಚೆಂದವೆಂದು ಮರುಳಾಗಬೇಡಿ, ಅದು ಮುಸುಕು ಸಾಲದೆ ಹೋದದ್ದರ ಗುರುತು. ಬ್ರಷ್ಷಿನಿಂದ ಉಜ್ಜಿದರೆ ಆ ಬಣ್ಣ ಅಳಿಸಿಹೋಗಿ ಎಲ್ಲವೂ ಬೆಳ್ಳಗೆ ಕಾಣುತ್ತದೆ, ಕೆಡುಕು ಮಾತ್ರ ಒಳಗೇ ಉಳಿಯುತ್ತದೆ.

ಕೆಲಸ ಕಲಿಸುವವರಲ್ಲಿ ಕೇಳಿಕೊಳ್ಳುವುದು ಇನ್ನೂ ಮುಖ್ಯವಾದದ್ದು. ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿ ನನ್ನ ಶೆಡ್ಡಿಗೆ ಬಂದುಹೋದ ಹುಡುಗರು ಕೈಚಳಕದಲ್ಲಿ ನನಗೇನೂ ಕಡಿಮೆಯಿಲ್ಲ; ಆದರೆ ಅವರಲ್ಲಿ ಒಬ್ಬನೂ ಟೈಟಾನಿಯಂ ತುಂಡನ್ನು ಕೈಯಲ್ಲಿ ಹಿಡಿದಿರಲಿಲ್ಲ. ಬೆಂಗಳೂರಿನ ಸುತ್ತ ವಿಮಾನ ಮತ್ತು ಉಪಗ್ರಹಗಳ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ, ಅಲ್ಲಿಂದ ನಿವೃತ್ತರಾದ ನನ್ನಂಥವರಿದ್ದೇವೆ, ತುಂಡು ಟೈಟಾನಿಯಂ ಗುಜರಿಯಲ್ಲೂ ಸಿಗುತ್ತದೆ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಂಥ ಸಂಸ್ಥೆಗಳೂ ಐಟಿಐಗಳೂ ವಾರದ ಮಟ್ಟಿಗಿನ ಒಂದು ಕಮ್ಮಟ ಏರ್ಪಡಿಸಿ, ಕೊಳವೆಯ ಒಳಗೆ ಆರ್ಗಾನ್ ಬಿಡುವುದು, ಬಣ್ಣ ಓದುವುದು, ತಾನು ಹಾಕಿದ ಬೆಸುಗೆಯನ್ನು ತಾನೇ ಸೀಳಿ ನೋಡುವುದು, ಇಷ್ಟನ್ನು ಕಲಿಸಿದರೂ ಸಾಕು. ಸೈಕಲ್ಲಿಗಷ್ಟೇ ಅಲ್ಲ, ರಾಸಾಯನಿಕ ಕಾರ್ಖಾನೆಗಳ ಟೈಟಾನಿಯಂ ಕೊಳವೆಗಳಿಗೂ ಇದೇ ವಿದ್ಯೆ ಬೇಕಾಗುವುದರಿಂದ, ಕಲಿತ ಹುಡುಗರಿಗೆ ಕೆಲಸಕ್ಕೂ ದಾರಿಯಾಗುತ್ತದೆ. ಗೊತ್ತಿಲ್ಲದ ಲೋಹ ಬಂದಾಗ ನನ್ನಿಂದ ಆಗದು ಎಂದು ಹೇಳಿ ಕಳಿಸುವ ಧೈರ್ಯವನ್ನೂ ಅದೇ ಕಮ್ಮಟ ಕಲಿಸಬೇಕು. ನಮ್ಮ ವೃತ್ತಿಯಲ್ಲಿ ಆ ಮಾತನ್ನು ಹೇಳಲು ಬಹಳ ಮಂದಿ ಸಂಕೋಚಪಡುತ್ತಾರೆ.

ಸೀಳಿದ ಆ ಕೊಳವೆಯ ಎರಡು ಹೋಳುಗಳನ್ನು ಹುಡುಗನ ಒಪ್ಪಿಗೆ ಪಡೆದು ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಹೋಲಿಸಿ ನೋಡಲೆಂದು, ಒಳಗೆ ಆರ್ಗಾನ್ ಬಿಟ್ಟು ಬೆಸೆದ ಇನ್ನೊಂದು ಕೊಳವೆಯನ್ನೂ ಸೀಳಿ ಇಟ್ಟಿದ್ದೇನೆ. ಯಾವುದೇ ತರಬೇತಿ ಸಂಸ್ಥೆ ಮುಂದೆ ಬಂದರೆ ಈ ತುಂಡುಗಳನ್ನು ಕೊಟ್ಟು, ವಾರಕ್ಕೆ ಎರಡು ದಿನ ಸಂಭಾವನೆಯಿಲ್ಲದೆ ಬಂದು ಕಲಿಸಲು ಸಿದ್ಧನಿದ್ದೇನೆ. ನನ್ನ ವಿಳಾಸ ತಮ್ಮ ಕಚೇರಿಯಲ್ಲಿದೆ.

ತಮ್ಮ ವಿಶ್ವಾಸಿ,
ನಿವೃತ್ತ ವೆಲ್ಡರ್, ರಾಜಾಜಿನಗರ, ಬೆಂಗಳೂರು